ಅಂಗಿಯ ಗುಂಡಿಯೂ ಒಂದು ಪಾಠ

ಬೆಳಿಗ್ಗೆ ಎದ್ದು ಹಲ್ಲುಜ್ಜಿ, ಸ್ನಾನ ಮಾಡಿ, ಅಂಗಿಯ ಗುಂಡಿ ಹಾಕಿಕೊಂಡು ಮನೆಯಿಂದ ಹೊರಡುತ್ತೇವೆ. ಇದನ್ನೆಲ್ಲ ನಮಗೆ ಯಾರು, ಯಾವಾಗ ಕಲಿಸಿದರು? ಕೇಳಿದರೆ ನೆನಪಾಗುವುದಿಲ್ಲ. ನೋಡುತ್ತ ನೋಡುತ್ತ ಬಂದ ವಿದ್ಯೆ ಅದು. ಆದರೆ ಎಲ್ಲ ಮಕ್ಕಳಿಗೂ ಅದು ಹಾಗೆ ಬರುವುದಿಲ್ಲ. ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಗುವಿಗೆ ಗುಂಡಿ ಹಾಕುವುದು, ರಸ್ತೆ ದಾಟುವುದು, ಅಂಗಡಿಯಲ್ಲಿ ಚಿಲ್ಲರೆ ಎಣಿಸಿಕೊಳ್ಳುವುದು ಎಲ್ಲವನ್ನೂ ಅಕ್ಷರ ಕಲಿಸಿದಷ್ಟೇ ಜತನದಿಂದ ಕಲಿಸಬೇಕು. ಇಂಥ ಮಕ್ಕಳ ತಂದೆ ತಾಯಿಯರನ್ನು ಕಾಡುವ ಚಿಂತೆ ಒಂದೇ: ‘ನಾವಿರುವ ತನಕ ಸರಿ, ಆಮೇಲೆ?’ ಈ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನಕ್ಕೆ ಎರಡು ಶತಮಾನಗಳ ಇತಿಹಾಸವಿದೆ.

ವೈದ್ಯ ಕಾಣದ ಗೆಲುವು

1800ರ ಜನವರಿಯಲ್ಲಿ ದಕ್ಷಿಣ ಫ್ರಾನ್ಸಿನ ಅವೇರಾನ್ ಪ್ರದೇಶದಲ್ಲಿ, ಕಾಡಿನಲ್ಲಿ ಅಲೆಯುತ್ತಿದ್ದ ಹುಡುಗನೊಬ್ಬ ಜನರ ಕೈಗೆ ಸಿಕ್ಕಿದ. ವಯಸ್ಸು ಸುಮಾರು ಹನ್ನೆರಡು. ಮಾತು ಬಾರದು, ಮೈಮೇಲೆ ಬಟ್ಟೆ ನಿಲ್ಲದು. ಅವನನ್ನು ಪ್ಯಾರಿಸ್ಸಿಗೆ ಕರೆತಂದರು. ಆ ಕಾಲದ ದೊಡ್ಡ ಮನೋವೈದ್ಯ ಫಿಲಿಪ್ ಪಿನೆಲ್ ಪರೀಕ್ಷಿಸಿ, ಇವನು ವಾಸಿಯಾಗದ ಬುದ್ಧಿಮಾಂದ್ಯ ಎಂದುಬಿಟ್ಟ. ಕಿವುಡ ಮೂಗರ ಸಂಸ್ಥೆಯ ತರುಣ ವೈದ್ಯ ಇಟಾರ್ ಒಪ್ಪಲಿಲ್ಲ. ಹುಡುಗನಿಗೆ ವಿಕ್ಟರ್ ಎಂದು ಹೆಸರಿಟ್ಟು ಸುಮಾರು ಐದು ವರ್ಷ ಪಾಠ ಹೇಳಿದ.

ಇಟಾರ್‌ನ ಆಸೆಯೆಲ್ಲ ಮಾತಿನ ಮೇಲಿತ್ತು. ಅದು ಕೈಗೂಡಲಿಲ್ಲ. ಬರೆದ ಕೆಲವು ಪದಗಳ ಅರ್ಥ ತಿಳಿದದ್ದು ಬಿಟ್ಟರೆ ವಿಕ್ಟರ್ ಮೂಕನಾಗಿಯೇ ಉಳಿದ. ಆದರೆ ಈ ನಡುವೆ ಅವನು ಬೇರೆ ಏನೇನೋ ಕಲಿತಿದ್ದ. ಸ್ನಾನದ ನೀರು ಎಷ್ಟು ಬಿಸಿಯಿದೆಯೆಂದು ಮುಟ್ಟಿ ನೋಡುತ್ತಿದ್ದ. ಚಳಿಯಾದರೆ ತಾನೇ ಬಟ್ಟೆ ಹಾಕಿಕೊಳ್ಳುತ್ತಿದ್ದ. ಸೌದೆ ಕೊಯ್ಯುತ್ತಿದ್ದ. ಅವನನ್ನು ನೋಡಿಕೊಳ್ಳುತ್ತಿದ್ದ ಮದಾಂ ಗೆರಾನ್ ಎಂಬಾಕೆಯ ಮನೆಯಲ್ಲಿ ಊಟಕ್ಕೆ ತಟ್ಟೆ ಇಡುವ ಕೆಲಸ ಅವನದೇ. ಆಕೆಯ ಗಂಡ ತೀರಿಕೊಂಡ ಮೇಲೂ ವಿಕ್ಟರ್ ಎಂದಿನಂತೆ ಅವನ ತಟ್ಟೆಯನ್ನೂ ಇಟ್ಟ. ಆಕೆ ದುಃಖ ತಡೆಯಲಾರದೆ ಅತ್ತಳು. ತನ್ನಿಂದ ನೋವಾಯಿತೆಂದು ಹುಡುಗನಿಗೆ ಹೊಳೆಯಿತು. ತಟ್ಟೆಯನ್ನು ತೆಗೆದಿಟ್ಟ, ಮತ್ತೆಂದೂ ಅದನ್ನು ಇಡಲಿಲ್ಲ. ಇದನ್ನು ಬರೆದಿಟ್ಟವನು ಇಟಾರನೇ. ಆದರೂ ಮಾತು ಬರಲಿಲ್ಲವೆಂಬ ನಿರಾಶೆಯಲ್ಲಿ ಪಾಠ ನಿಲ್ಲಿಸಿದ. ವಿಕ್ಟರ್ 1828ರಲ್ಲಿ ಸಾಯುವ ತನಕ ಜೊತೆಗಿದ್ದು ಸಾಕಿದವಳು ಮದಾಂ ಗೆರಾನ್.

ಯಾವುದನ್ನು ಗೆಲುವೆಂದು ಎಣಿಸಬೇಕು ಎಂಬ ತಕರಾರು ಅಂದೇ ಶುರುವಾಯಿತು.

ಹಿಂದುಳಿದವರಿಂದ ಎಲ್ಲರಿಗೆ

ಇಟಾರ್‌ನ ಶಿಷ್ಯ ಎಡ್ವರ್ಡ್ ಸೆಗಿನ್ ಮಾತಿನ ಬದಲು ಕೈಕಾಲಿನಿಂದ ಹೊರಟ. ಮೊದಲು ಸ್ನಾಯುಗಳಿಗೆ, ಇಂದ್ರಿಯಗಳಿಗೆ ಶಿಕ್ಷಣ, ಆಮೇಲೆ ಬುದ್ಧಿಗೆ ಎಂಬುದು ಅವನ ಕ್ರಮ. 1846ರಲ್ಲಿ ಆ ಬಗ್ಗೆ ದೊಡ್ಡ ಪುಸ್ತಕ ಬರೆದ. ಮುಂದೆ ಅಮೆರಿಕಕ್ಕೆ ಹೋಗಿ ಅಲ್ಲಿನ ಶಾಲೆಗಳಿಗೂ ದಾರಿ ತೋರಿಸಿದ.

ಅರ್ಧ ಶತಮಾನದ ನಂತರ ರೋಮ್ ನಗರದ ವೈದ್ಯೆ ಮರಿಯಾ ಮಾಂಟೆಸೊರಿ ಹುಚ್ಚಾಸ್ಪತ್ರೆಗಳಲ್ಲಿ ಕೂಡಿಹಾಕಿದ್ದ ಮಕ್ಕಳನ್ನು ಕಂಡು ಮರುಗಿದರು. ಸೆಗಿನ್‌ನ ಪುಸ್ತಕವನ್ನು ಇಟಾಲಿಯನ್ ಭಾಷೆಗೆ ತಾವೇ ಅನುವಾದಿಸಿ ಅಭ್ಯಾಸ ಮಾಡಿದರು. 1900ರಲ್ಲಿ ಆರಂಭವಾದ ಶಾಲೆಯಲ್ಲಿ ಅಂಥ ಮಕ್ಕಳಿಗೆ ಪಾಠ ಹೇಳಿದರು. ಅಲ್ಲಿ ಕಲಿತದ್ದನ್ನು 1907ರಲ್ಲಿ ರೋಮಿನ ಬಡವರ ಕೇರಿಯ ಸಾಮಾನ್ಯ ಮಕ್ಕಳಿಗೆ ಅನ್ವಯಿಸಿದರು. ಗುಂಡಿ, ಲಾಡಿ, ಬಕಲ್ ಹಾಕುವುದನ್ನು ಅಭ್ಯಾಸ ಮಾಡಿಸುವ ಮರದ ಚೌಕಟ್ಟುಗಳು ಇಂದಿಗೂ ಮಾಂಟೆಸೊರಿ ಶಾಲೆಗಳ ಗುರುತು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮಾಂಟೆಸೊರಿ ಯುದ್ಧಕಾಲವನ್ನೆಲ್ಲ ಭಾರತದಲ್ಲೇ ಕಳೆದು, ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ಈಗ ನಮ್ಮ ನಗರಗಳ ಬಡಾವಣೆ ಬಡಾವಣೆಗಳಲ್ಲೂ ಆ ಹೆಸರಿನ ಫಲಕವಿದೆ. ಈ ಪದ್ಧತಿ ಹುಟ್ಟಿದ್ದು ಯಾರು ಕೈಬಿಟ್ಟಿದ್ದ ಮಕ್ಕಳ ನಡುವೆ ಎಂಬುದು ಮಾತ್ರ ಮರೆತುಹೋಗಿದೆ.

ಹದಿನೈದರಲ್ಲೂ ಮಣಿ ಪೋಣಿಸುವುದೇ?

1905ರಲ್ಲಿ ಫ್ರಾನ್ಸಿನ ಬಿನೆ ಮತ್ತು ಸಿಮೋನ್ ಬುದ್ಧಿ ಅಳೆಯುವ ಪರೀಕ್ಷೆ ತಂದರು. ಅದರಿಂದ ‘ಮಾನಸಿಕ ವಯಸ್ಸು’ ಎಂಬ ಕಲ್ಪನೆ ಬೆಳೆಯಿತು. ಅದು ವಿಶೇಷ ಶಾಲೆಗಳನ್ನು ಒಂದು ಗುಂಡಿಗೆ ಕೆಡವಿತು. ಹುಡುಗನಿಗೆ ಹದಿನೈದು, ಮಾನಸಿಕ ವಯಸ್ಸು ಐದು ಎಂದರೆ ಐದು ವರ್ಷದವರ ಪಾಠವನ್ನೇ ಕೊಟ್ಟರು. ಮೀಸೆ ಚಿಗುರಿದ ಹುಡುಗ ಮಣಿ ಪೋಣಿಸುತ್ತ, ಚಿತ್ರಕ್ಕೆ ಬಣ್ಣ ತುಂಬುತ್ತ ಕೂತ. ಇದು ಬಂದ ಮೇಲೆ ಮುಂದಿನದು ಎಂದು ಕಾಯುತ್ತ ಶಾಲೆಯ ವರ್ಷಗಳೇ ಮುಗಿದುಹೋದವು.

ಇದನ್ನು ಪ್ರಶ್ನಿಸಿದವರು 1970ರ ದಶಕದ ಅಮೆರಿಕದ ಶಿಕ್ಷಣತಜ್ಞರು. ಮಾರ್ಕ್ ಗೋಲ್ಡ್ ಎಂಬಾತ, ಏನೂ ಕಲಿಯಲಾರರೆಂದು ತಳ್ಳಿಹಾಕಿದ್ದ ಹದಿಹರೆಯದವರಿಗೆ ಸೈಕಲ್ ಬ್ರೇಕಿನ ಬಿಡಿಭಾಗಗಳನ್ನು ಜೋಡಿಸುವುದನ್ನು ಕಲಿಸಿ ತೋರಿಸಿದ. ವಿಸ್ಕಾನ್ಸಿನ್‌ನ ಲೂ ಬ್ರೌನ್ ಮತ್ತು ಸಂಗಡಿಗರು 1976ರಲ್ಲಿ, ಶಾಲೆಯ ಪ್ರತಿ ಪಾಠವನ್ನೂ ವಿದ್ಯಾರ್ಥಿ ಮುಂದೆ ಬಾಳಬೇಕಾದ ಬದುಕಿನಿಂದ ಅಳೆಯಬೇಕೆಂದರು. ಈ ಕೆಲಸವನ್ನು ಹುಡುಗ ಕಲಿಯದಿದ್ದರೆ ಅವನಿಗಾಗಿ ಇನ್ನೊಬ್ಬರು ಮಾಡಬೇಕಾಗುತ್ತದೆಯೇ? ಹೌದಾದರೆ ಕಲಿಸಿ. ಮಣಿ ಪೋಣಿಸಲು ಬಾರದಿದ್ದರೆ ಯಾರೂ ಬಂದು ಪೋಣಿಸಿಕೊಡಬೇಕಿಲ್ಲ. ಉಣ್ಣಲು ಬಾರದಿದ್ದರೆ ಯಾರಾದರೂ ಉಣಿಸಲೇಬೇಕು. 1990ರಲ್ಲಿ ಅಮೆರಿಕದ ಕಾನೂನು, ವಿದ್ಯಾರ್ಥಿಗೆ ಹದಿನಾರು ತುಂಬುವುದರೊಳಗೆ ಶಾಲೆಯ ನಂತರದ ಬದುಕಿಗೆ ಯೋಜನೆ ಸಿದ್ಧವಾಗಬೇಕೆಂದು ವಿಧಿಸಿತು.

ಕಲಿಸುವ ವಿಧಾನವೂ ಸರಳ. ಕೆಲಸವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆಯುವುದು. ಹಾಲು ತರಬೇಕೆಂದರೆ ಚೀಲ ಹಿಡಿಯಬೇಕು, ರಸ್ತೆ ದಾಟಬೇಕು, ಕೇಳಬೇಕು, ಹಣ ಕೊಡಬೇಕು, ಚಿಲ್ಲರೆಗೆ ಕಾಯಬೇಕು. ಎಷ್ಟೋ ವೇಳೆ ಕೊನೆಯ ಮೆಟ್ಟಿಲಿನಿಂದಲೇ ಪಾಠ ಶುರು. ಗುಂಡಿಯನ್ನು ತೂತಿನೊಳಗೆ ಅರ್ಧ ತೂರಿಸಿ ಕೊಟ್ಟು, ಉಳಿದರ್ಧವನ್ನು ಮಗುವೇ ಎಳೆಯಲಿ ಎನ್ನುವುದು. ಹೀಗಾದರೆ ಪ್ರತಿ ಸಲವೂ ಕೆಲಸ ಮುಗಿಸಿದ ಹಿಗ್ಗು ಮಗುವಿನದಾಗುತ್ತದೆ.

ನಮ್ಮಲ್ಲಿ

ಮುಂಬಯಿಯಲ್ಲಿ 1944ರಲ್ಲಿ ಜಯ್ ವಕೀಲ್ ಶಾಲೆ ಆರಂಭವಾಯಿತು. ಬೆಂಗಳೂರಿನಲ್ಲಿ 1960ರಲ್ಲಿ ಬುದ್ಧಿಮಾಂದ್ಯರಿಗಾಗಿ ಸಂಘವೊಂದು ಹುಟ್ಟಿತು. 1970ರ ದಶಕದಲ್ಲಿ ಮದರಾಸಿನ ಜಯಚಂದ್ರನ್ ಮತ್ತು ವಿಮಲಾ ನಮ್ಮ ಮಕ್ಕಳಿಗೆಂದೇ ಒಂದು ಪಟ್ಟಿ ರೂಪಿಸಿದರು. ಊಟ, ಉಡುಪು, ಶೌಚ, ಹಣ, ಸಮಯ, ಮನೆಗೆಲಸ ಮೊದಲಾಗಿ 18 ವಿಭಾಗಗಳು, 360 ಅಂಶಗಳು. ಮಗುವಿಗೆ ಏನು ಬಾರದು ಎಂದು ಗುರುತು ಹಾಕಿ ಸುಮ್ಮನಾಗುವ ಬದಲು, ಏನು ಬರುತ್ತದೆ ಎಂದು ನೋಡಿ ಅಲ್ಲಿಂದ ಮುಂದುವರಿಯುವ ಪಟ್ಟಿ ಅದು. 1984ರಲ್ಲಿ ಸಿಕಂದರಾಬಾದಿನಲ್ಲಿ ರಾಷ್ಟ್ರೀಯ ಸಂಸ್ಥೆ ಬಂತು.

ಕಾನೂನುಗಳೂ ಬಂದಿವೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ, ಹದಿನೆಂಟು ದಾಟಿದವರಿಗೆ ಪೋಷಕರನ್ನು ನೇಮಿಸಲು ಅವಕಾಶ ಕೊಟ್ಟಿತು. 2016ರ ಕಾಯ್ದೆ ಗಣನೀಯ ಅಂಗವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ನೀಡಿತು. ಹಾಗಾಗಿ ಪ್ರೌಢಶಾಲೆಯ ವರ್ಷಗಳೇ ಈ ಹಕ್ಕಿನ ಕೊನೆಯ ವರ್ಷಗಳು. ಬಸ್ಸಿನ ನಂಬರ್ ಗುರುತಿಸುವುದು, ಅಪರಿಚಿತರು ಮೈ ಮುಟ್ಟಿದರೆ ‘ಬೇಡ’ ಎನ್ನುವುದು, ಹುಡುಗಿಯರಿಗೆ ಮುಟ್ಟಿನ ದಿನಗಳ ಶುಚಿತ್ವ, ಇವಕ್ಕೆಲ್ಲ ಇದೇ ಹೊತ್ತು. ಆದರೆ ಋತುಮತಿಯಾದ ಕೂಡಲೇ ಹೆಣ್ಣುಮಗುವನ್ನು ಶಾಲೆ ಬಿಡಿಸುವ ಮನೆಗಳು ಇನ್ನೂ ಇವೆ.

ಲೋಕವೂ ನಿಂತಲ್ಲಿ ನಿಲ್ಲುವುದಿಲ್ಲ. ನೋಟು, ನಾಣ್ಯ ಗುರುತಿಸುವುದನ್ನು ವರ್ಷಗಟ್ಟಲೆ ಕಲಿಸಿ ಮುಗಿಸುವಷ್ಟರಲ್ಲಿ ತರಕಾರಿ ಗಾಡಿಯ ಮೇಲೂ ಮೊಬೈಲಿನಿಂದ ಹಣ ಕಳಿಸುವ ಫಲಕ ಬಂದು ಕೂತಿದೆ. ಪಾಠವೂ ಬದಲಾಗಬೇಕು.

ಕಾನೂನು, ಶಾಲೆಗಳಿಗಿಂತ ದೊಡ್ಡ ತೊಡಕು ಬಹುಶಃ ನಮ್ಮ ಪ್ರೀತಿಯೇ. ‘ಪಾಪ, ಅವನಿಗೇನು ಗೊತ್ತಾಗುತ್ತೆ’ ಎಂದು ಹದಿನಾರರ ಮಗನಿಗೂ ತುತ್ತು ಕಲಸಿ ಇಡುವ ತಾಯಂದಿರಿದ್ದಾರೆ. ಅವರ ಅಕ್ಕರೆಯನ್ನು ಅನುಮಾನಿಸುವಂತಿಲ್ಲ. ಆದರೆ ಗುಂಡಿ ಹಾಕಿಕೊಳ್ಳಲು ಮಗ ಹತ್ತು ನಿಮಿಷ ತೆಗೆದುಕೊಂಡರೂ ಕೈ ಕಟ್ಟಿ ಕಾಯುವುದು ಅದಕ್ಕಿಂತ ಕಷ್ಟದ ಅಕ್ಕರೆ. ‘ಆಮೇಲೆ?’ ಎಂಬ ಪ್ರಶ್ನೆಗೆ ಪೂರ್ತಿ ಉತ್ತರ ಯಾವ ಶಾಲೆಯ ಬಳಿಯೂ ಇಲ್ಲ. ಅವರು ಕಾದ ಆ ಹತ್ತು ನಿಮಿಷ ಮಾತ್ರ ಉತ್ತರದ ಒಂದು ಭಾಗ. ಇಟಾರ್ ಲೆಕ್ಕಕ್ಕೆ ಹಿಡಿಯದೇ ಹೋದದ್ದು ಇಂಥದ್ದನ್ನೇ. ನಾವಾದರೂ ಹಿಡಿಯೋಣ.