ಸಮವಸ್ತ್ರದ ಮರ್ಯಾದೆ

ಹೈದರಾಬಾದಿನ ಕನ್ನಡಿಗರಿಗೆ ಸೈನಿಕ ಉಡುಪಿನ ಮಾತು ಬರೀ ಬಟ್ಟೆಯ ಮಾತಲ್ಲ. ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳೂ ಹಿಂದೆ ನಿಜಾಮರ ಸಂಸ್ಥಾನಕ್ಕೇ ಸೇರಿದ್ದವು. 1947-48ರಲ್ಲಿ ಕಾಸಿಂ ರಜ್ವಿಯ ರಜಾಕಾರರು ಸಮವಸ್ತ್ರ ತೊಟ್ಟು, ಬಂದೂಕು ಹಿಡಿದು ಹಳ್ಳಿಗಳನ್ನು ನಡುಗಿಸಿದರು. ಅವರು ಸರ್ಕಾರದ ಸೈನಿಕರಲ್ಲ. ತೊಟ್ಟ ಉಡುಪಿಗೆ ಜವಾಬು ಹೇಳಬೇಕಾದ ಕಟ್ಟುಪಾಡು ಅವರಿಗಿರಲಿಲ್ಲ. 1948ರ ಸೆಪ್ಟೆಂಬರ್ 18ರಂದು ನಿಜಾಮರ ಸೇನಾಪತಿ ಎಲ್ ಎದ್ರೂಸರು ಮೇಜರ್ ಜನರಲ್ ಚೌಧುರಿಯವರಿಗೆ ಶರಣಾದಾಗ ಅವರ ಆಟ ಮುಗಿಯಿತು.

ಕಾಯಿದೆಯೂ ಈ ಭೇದವನ್ನು ಬಲ್ಲದು. ಸೈನಿಕನಲ್ಲದವನು, ಜನ ತನ್ನನ್ನು ಸೈನಿಕನೆಂದು ನಂಬಲಿ ಎಂದೇ ಅಂಥ ಉಡುಪು ತೊಟ್ಟರೆ, 1860ರ ದಂಡ ಸಂಹಿತೆಯ 140ನೇ ಕಲಮಿನಂತೆ ಮೂರು ತಿಂಗಳವರೆಗೆ ಸೆರೆ, 500 ರೂಪಾಯಿವರೆಗೆ ದಂಡ ಅಥವಾ ಎರಡೂ. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯ 168ನೇ ಕಲಮು ದಂಡವನ್ನು 2,000 ರೂಪಾಯಿಗೆ ಏರಿಸಿದೆ. ತಪ್ಪಿರುವುದು ಉದ್ದೇಶದಲ್ಲಿ, ಶಾಲೆಯ ನಾಟಕದ ಪುಟ್ಟ ಸಿಪಾಯಿಯಲ್ಲಲ್ಲ.

ಕೊಡಗಿನ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದರು. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಪಡೆದರು. ಆ ಪದವಿಗೆ ನಿವೃತ್ತಿಯೇ ಇಲ್ಲ. ಉಳಿದ ಮಾಜಿ ಯೋಧರು ಸಾಮಾನ್ಯವಾಗಿ ಕೋಟಿನ ಎಡ ಎದೆಗೆ ಪದಕ ಧರಿಸಿಯೇ ಸಮಾರಂಭಗಳಿಗೆ ಬರುತ್ತಾರೆ. ಮಡಿದವರ ಪದಕವನ್ನು ಮನೆಯವರು ಬಲಕ್ಕೆ ಧರಿಸುವುದು ರೂಢಿ. ನೋಡಿದವರಿಗೆ ಅಷ್ಟರಲ್ಲೇ ತಿಳಿಯುತ್ತದೆ: ಗಳಿಸಿದವರು ಯಾರು, ನೆನೆಯುವವರು ಯಾರು ಎಂದು. ನಮ್ಮ ಮಕ್ಕಳಿಗೂ ಇದನ್ನು ತಿಳಿಸಿ ಹೇಳೋಣ.