ಅರಗೋ, ಎಣ್ಣೆಯೋ? – ಮರದ ಮೆರುಗಿನ ಹಿನ್ನೆಲೆ

ಎಣ್ಣೆ ಎಂದೊಡನೆ ಸಿತ್ರಾದಲ್ಲಿ ನಮ್ಮ ಕಣ್ಣೆದುರು ನಿಲ್ಲುವುದು ಸಾಲು ಸಾಲಾದ ತೈಲದ ಟ್ಯಾಂಕುಗಳು. ಬಹರೈನಿನಲ್ಲಿ ತೈಲ ಸಿಕ್ಕಿದ್ದು 1932ರಲ್ಲಿ. ಸಂಸ್ಕರಣಾಗಾರ ಕೆಲಸ ಆರಂಭಿಸಿದ್ದು 1936ರಲ್ಲಿ. ಅದಕ್ಕೂ ಹಿಂದೆ ಸಿತ್ರಾ ಖರ್ಜೂರದ ತೋಟಗಳ, ಮೀನುಗಾರರ ನಡುಗಡ್ಡೆಯಾಗಿತ್ತು. ಆಗ ಕೊಲ್ಲಿಯ ಮರಗೆಲಸಕ್ಕೆ ಬೇಕಾದ ಎಣ್ಣೆ ನೆಲದಿಂದಲ್ಲ, ಕಡಲಿನಿಂದ ಬರುತ್ತಿತ್ತು.

ಇಲ್ಲಿಯ ಹಡಗುಗಳಿಗೆ ತೇಗದ ಹಲಗೆ ಒದಗಿಸುತ್ತಿದ್ದುದು ನಮ್ಮ ಪಡುಗಡಲ ತೀರ, ಮುಖ್ಯವಾಗಿ ಮಲಬಾರು. ನೀರಿನ ಮಟ್ಟದಿಂದ ಮೇಲಿನ ಹಲಗೆಗಳಿಗೆ ನಾವಿಕರು ತಾಟೆ ಮೀನಿನ, ಅಂದರೆ ಶಾರ್ಕಿನ ಎಣ್ಣೆ ಹಚ್ಚುತ್ತಿದ್ದರು. ಬಿಸಿಲಿಗೆ ಮರ ಸೀಳಬಾರದೆಂದು. ನೀರೊಳಗಿನ ಭಾಗಕ್ಕೆ ಸುಣ್ಣ ಮತ್ತು ಪ್ರಾಣಿಗಳ ಕೊಬ್ಬು ಕಲಸಿದ ಲೇಪ; ಮರ ಕೊರೆಯುವ ಹುಳು ತಾಗಬಾರದೆಂದು. ಒಂದೇ ಹಡಗಿಗೆ ಎರಡು ಲೇಪ! ಎರಡೂ ಶಾಶ್ವತವಲ್ಲ, ಮತ್ತೆ ಮತ್ತೆ ಬಳಿಯಬೇಕು. ವಾಸನೆಯ ಮಾತಂತೂ ಬೇಡ. ಆದರೆ ಹಡಗು ಉಳಿಯುತ್ತಿತ್ತು.

ನಮ್ಮ ಚನ್ನಪಟ್ಟಣದವರು ಹಿಡಿದ ದಾರಿ ಬೇರೆ. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ಕಲೆ ಬಂತೆಂಬ ಪ್ರತೀತಿಯಿದೆ. ಲೇತಿನಲ್ಲಿ ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ಒಣಗರಿಯಿಂದ ಒತ್ತಿ ತಿಕ್ಕಿದರೆ ಕನ್ನಡಿಯಂಥ ಹೊಳಪು. ನಮ್ಮ ಬಡಗಿಗಳ ಸ್ಪಿರಿಟ್ ಪಾಲಿಶ್ ಕೂಡ ಇದೇ ಅರಗಿನದು. ಶಾಖದ ಬದಲು ಸ್ಪಿರಿಟ್ಟಿನಲ್ಲಿ ಕರಗಿಸಿದ್ದು, ಅಷ್ಟೆ. ಅರಗಿನ ಶತ್ರು ಯಾರೆಂದು ಪಾಂಡವರ ಕಥೆ ಬಲ್ಲ ನಮಗೆ ಹೇಳಬೇಕಾಗಿಲ್ಲ. ಬಿಸಿ ಲೋಟ ಇಟ್ಟರೂ ಸಾಕು, ಬಿಳಿ ಬಳೆ ಮೂಡುತ್ತದೆ.

ಈ ಎರಡು ಕಥೆಗಳಿಂದ ನಮಗೆ ದೊರೆಯುವ ಪಾಠ ಒಂದೇ. ಹಿಂದಿನವರು ಹೊಳಪು ನೋಡಿ ಲೇಪ ಆರಿಸಲಿಲ್ಲ. ಆ ಮರ ಏನನ್ನು ಎದುರಿಸಬೇಕು ಎಂದು ನೋಡಿ ಆರಿಸಿದರು. ಊರಿನಿಂದ ತಂದ ಅಜ್ಜಿಯ ಪೆಟ್ಟಿಗೆಗೆ ಅಂಗಡಿಯ ದಪ್ಪ ವಾರ್ನಿಷ್ ಬಳಿಯುವ ಮುನ್ನ ನಾವೂ ಇದನ್ನೇ ಕೇಳಿಕೊಳ್ಳೋಣ. ವಾರ್ನಿಷ್ ಗಟ್ಟಿ ನಿಜ. ಆದರೆ ಒಮ್ಮೆ ಬಿರಿದು ಎದ್ದರೆ ಪೂರ್ತಿ ಕೆರೆಯಬೇಕು, ಹಳೆಯ ಮೈಯೂ ಅದರೊಡನೆ ಹೋಗುತ್ತದೆ.

ಮೊದಲು ಪೆಟ್ಟಿಗೆಯ ಕಾಣದ ಮೂಲೆಯನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರಸಿ. ಅಂಟಂಟಾದರೆ ಅದು ಅರಗು. ಅದಕ್ಕೆ ಅರಗಿನ ಪಾಲಿಶೇ ಸರಿ. ಲೇಪವಿಲ್ಲದ ಬರಿ ಮರವಾದರೆ ಎಲ್ಲಕ್ಕಿಂತ ಸುಲಭವಾದುದು ಕಾಯಿಸಿದ ಅಗಸೆ ಎಣ್ಣೆ. ತೆಂಗಿನೆಣ್ಣೆ ಬೇಡ, ಅದು ಒಣಗಿ ಗಟ್ಟಿಯಾಗುವ ಜಾತಿಯದಲ್ಲ. ಎಳೆಯ ದಿಕ್ಕಿನಲ್ಲೇ ಉಪ್ಪುಕಾಗದದಿಂದ ತಿಕ್ಕಿ, ಧೂಳು ಒರಸಿ, ಎಣ್ಣೆಯನ್ನು ತೆಳ್ಳಗೆ ಹಚ್ಚಿ. ಕಾಲು ಗಂಟೆ ಬಿಟ್ಟು, ಮರ ಕುಡಿಯದೆ ಉಳಿದುದನ್ನೆಲ್ಲ ಒರಸಿಬಿಡಿ; ಉಳಿಸಿದರೆ ಜಿಗುಟಾಗುತ್ತದೆ. ಪೂರ್ತಿ ಒಣಗಿದ ಮೇಲೆ ಇನ್ನೊಂದೆರಡು ಸಲ ಹೀಗೆಯೇ ಮಾಡಿ. ಮುಂದೆ ಮಂಕಾದಾಗ ಮೇಲೆಯೇ ಹಚ್ಚಿದರಾಯಿತು. ಅಂಗಡಿಯ ಕಾಯಿಸಿದ ಎಣ್ಣೆಯಲ್ಲಿ ಒಣಗಿಸುವ ಲೋಹದ ಲವಣಗಳಿರುವುದರಿಂದ ಮಕ್ಕಳು ಬಾಯಿಗಿಡುವ ಆಟಿಕೆಗೆ, ಅಡಿಗೆಯ ಸೌಟಿಗೆ ಅದು ಸಲ್ಲದು.

ಕೊನೆಯದಾಗಿ, ಬಹು ಮುಖ್ಯವಾದ ಮಾತು. ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಅದು ಕೂಡಿಕೊಂಡು, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಇಲ್ಲಿಯ ಬೇಸಿಗೆಯಲ್ಲಂತೂ ಇನ್ನೂ ಹೆಚ್ಚು ಎಚ್ಚರ ಬೇಕು. ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಟ್ಟು ಹೊರಗಿಡಿ. ಅರಗಿನ ಮನೆ ಉರಿದದ್ದನ್ನು ಕಥೆಯಲ್ಲಿ ಕೇಳಿದ್ದೇ ನಮಗೆ ಸಾಕು.