ಬಾವಿಕಟ್ಟೆಯಿಂದ ದೂರವಿಟ್ಟ ನಲವತ್ತು ದಿನ

ಹೆರಿಗೆಯಾಗಿ ಕೆಲವು ವಾರಕ್ಕೋ ಕೆಲವು ವರ್ಷಕ್ಕೋ ಕೆಲವು ಹೆಂಗಸರಿಗೆ ಕೆಳಗೆ ಏನೋ ಇಳಿದು ಬಂದ ಹಾಗೆ ಆಗುತ್ತದೆ. ಬೆಳಿಗ್ಗೆ ಅಷ್ಟಾಗಿ ಗೊತ್ತಾಗುವುದಿಲ್ಲ, ಸಂಜೆಯ ಹೊತ್ತಿಗೆ ಭಾರ, ಮಲಗಿದರೆ ಹಗುರ. ಕೆಮ್ಮಿದರೆ ಮೂತ್ರ ಜಿನುಗುತ್ತದೆ. ಗರ್ಭಕೋಶ ಜಾರಿದೆ ಎಂದು ಜನ ಹೇಳುತ್ತಾರೆ. ಎಷ್ಟೋ ಸಲ ಜಾರಿರುವುದು ಗರ್ಭಕೋಶವಲ್ಲ, ಮೂತ್ರಕೋಶವೋ ಮಲಾಶಯವೋ ಯೋನಿಯ ಗೋಡೆಯನ್ನು ಒತ್ತಿಕೊಂಡು ಕೆಳಗೆ ಬಂದಿರುತ್ತದೆ. ಇದು ಹೆರಿಗೆಯಷ್ಟೇ ಹಳೆಯ ತೊಂದರೆ. ಆದರೆ ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಇದರ ಚರಿತ್ರೆ ಬರೆಯಹೊರಟರೆ ಕಾಗದದ ಮೇಲೆ ಸಿಗುವುದು ಬಹಳ ಕಡಿಮೆ. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಮಂಗಳೂರಿನಿಂದ ಹೊರಟು ಇದೇ ಊರುಗಳ ದಾರಿಯಲ್ಲಿ ಹಾದುಹೋದ. ಬೆಳೆ, ಗೇಣಿ, ಕೂಲಿ, ಬಸದಿ ಎಲ್ಲವನ್ನೂ ಬರೆದುಕೊಂಡ. ಇಂಥ ದಾಖಲೆಗಳಲ್ಲಿ ಗದ್ದೆಗೆ ಎಷ್ಟು ಆಳು ಬೇಕೆಂಬುದು ಇರುತ್ತದೆ. ಆ ಆಳುಗಳಲ್ಲಿ ಮೊನ್ನೆ ಹೆತ್ತವಳು ಯಾರೆಂಬುದು ಇರುವುದಿಲ್ಲ. ಹಾಗಾಗಿ ಈ ಚರಿತ್ರೆಯನ್ನು ಸಂಪ್ರದಾಯದಲ್ಲಿ ಮತ್ತು ಕೆಲಸದ ರೀತಿಯಲ್ಲಿ ಓದಬೇಕಾಗುತ್ತದೆ. ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ ಎಂದು ನನ್ನ ವಾದ: ಈ ಸೀಮೆಯ ಬಾಣಂತನ ಹೆಣ್ಣಿನ ಮೈಯನ್ನು ಕಾಪಾಡಿದ್ದರೆ ಅದಕ್ಕೆ ಕಾರಣ ಅದರ ಮದ್ದು, ಬಿಸಿನೀರು, ಬಟ್ಟೆಯ ಬಿಗಿತ ಅಲ್ಲ. ಅವಳ ಕೈಯಿಂದ ಕೊಡಪಾನವನ್ನು ಇಳಿಸಿದ್ದೇ ಕಾರಣ.

ತುಳುವಿನಲ್ಲಿ ಬಾಣಂತಿಯನ್ನು ಪೆದ್ಮೆದಿ ಎನ್ನುತ್ತಾರೆ, ಹೆರಿಗೆಯ ಸೂತಕವನ್ನು ಅಮೆ ಎನ್ನುತ್ತಾರೆ. ಅಮೆ ಇರುವಷ್ಟು ದಿನ ಅವಳು ಅಡುಗೆಮನೆಗೆ ಹೋಗುವಂತಿಲ್ಲ, ಬಾವಿ ಮುಟ್ಟುವಂತಿಲ್ಲ, ದೇವರ ಕೋಣೆಯಂತೂ ಇಲ್ಲವೇ ಇಲ್ಲ. ದಿನಗಳ ಲೆಕ್ಕ ಜಾತಿಯಿಂದ ಜಾತಿಗೆ ಬೇರೆ. ಅಮೆ ಕಳೆದ ಮೇಲೂ ಆರೈಕೆ ನಲವತ್ತು ದಿನದವರೆಗೆ ನಡೆಯುತ್ತದೆ. ಕೊನೆಗೆ ಹಲವು ಮನೆಗಳಲ್ಲಿ ಬಾಣಂತಿ ಬಾವಿಗೆ ಅರಸಿನ, ಕುಂಕುಮ ಹಚ್ಚಿ, ಹೂ ಇಟ್ಟು ಮೊದಲ ಕೊಡ ನೀರು ಸೇದುವ ಶಾಸ್ತ್ರವಿದೆ. ಈ ಶಾಸ್ತ್ರವನ್ನು ಮೈಯ ಕಣ್ಣಿನಿಂದ ನೋಡಬೇಕು. ಹಗ್ಗಕ್ಕೆ ಜಗ್ಗಿ, ಉಸಿರು ಬಿಗಿಹಿಡಿದು, ಆಳದ ಬಾವಿಯಿಂದ ತುಂಬಿದ ಕೊಡ ಮೇಲೆತ್ತುವಾಗ ಹೊಟ್ಟೆಯೊಳಗಿನ ಒತ್ತಡವೆಲ್ಲ ಕೆಳಗೆ ಇಳಿಯುತ್ತದೆ. ಅದನ್ನು ತಡೆಯುವುದು ಮುಂದಿನ ಎಲುಬಿನಿಂದ ಹಿಂದಿನ ಬಾಲದೆಲುಬಿನವರೆಗೆ ಜೋಲಿಯಂತೆ ಹರಡಿದ ಸ್ನಾಯು. ಮಗು ಹೊರಬರುವಾಗ ಇದೇ ಜೋಲಿ ಹಿಗ್ಗಿ, ಕೆಲವೊಮ್ಮೆ ಹರಿದು, ಸುಸ್ತಾಗಿರುತ್ತದೆ. ಹತ್ತು ಲೀಟರ್ ನೀರೆಂದರೆ ಹತ್ತು ಕಿಲೋ. ಅದನ್ನು ದಿನಕ್ಕೆ ಇಪ್ಪತ್ತು ಸಲ ಎತ್ತುವ ಕೆಲಸದಿಂದ ಆ ಸ್ನಾಯುವಿಗೆ ಸಿಕ್ಕ ಬಿಡುವನ್ನು ಜನ ಮೈಲಿಗೆಯ ಹೆಸರಿನಲ್ಲಿ ಗುರುತಿಸಿದರು. ಹೆರಿಗೆಗೆ ತವರಿಗೆ ಹೋಗುವ ರೂಢಿಯ ಬಲವೂ ಇದೇ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ, ತುಳು ಕಥನಗೀತೆಯಾದ ಸಿರಿ ಪಾಡ್ದನದಲ್ಲಿ ಸಿರಿ ಕುಮಾರನನ್ನು ಹೆರುವುದು ಗಂಡನ ಮನೆಯಲ್ಲಲ್ಲ, ಅಜ್ಜನ ಸತ್ಯನಾಪುರದ ಅರಮನೆಯಲ್ಲಿ. ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಗಳಲ್ಲಂತೂ ಹೆಣ್ಣಿಗೆ ತಾಯಿಮನೆಯೇ ತನ್ನ ಮನೆ. ಎದ್ದು ನೀರು ತಾ ಎಂದು ಅವಳಿಗೆ ಹೇಳುವ ಅತ್ತೆ ಅಲ್ಲಿ ಇರುತ್ತಿರಲಿಲ್ಲ.

ಆದರೆ ಒಬ್ಬಳು ಇಳಿಸಿದ ಕೊಡವನ್ನು ಇನ್ನೊಬ್ಬಳು ಎತ್ತಲೇಬೇಕು. ಜಮೀನುದಾರರ ಗುತ್ತಿನ ಮನೆಯ ಬಾಣಂತಿಗೆ ಹಂಡೆ ತುಂಬ ನೀರು ಕಾಯಿಸಿದವಳು, ಅಮೆಯ ಬಟ್ಟೆ ಒಗೆದ ಮಡಿವಾಳರ ಹೆಂಗಸು, ಹೆರಿಗೆ ಮಾಡಿಸಿದ ಸೂಲಗಿತ್ತಿ, ಇವರೂ ಹೆತ್ತವರೇ. ಒಡೆಯನ ಜಮೀನಿಗೆ ಕಟ್ಟುಬಿದ್ದ ಮೂಲದಾಳುಗಳ ಮನೆಯಲ್ಲಿ ಮಳೆಗಾಲದ ಏಣೆಲು ಬೇಸಾಯದ ಹೊತ್ತಿಗೆ ಹೆರಿಗೆಯಾದರೆ ನಲವತ್ತು ದಿನ ಕೂರಿಸಿ ಸಾಕಲು ಅಕ್ಕಿ ಎಲ್ಲಿತ್ತು? ಗುಡ್ಡದಿಂದ ಸೊಪ್ಪಿನ ಹೊರೆ, ಹಟ್ಟಿಯಿಂದ ಗದ್ದೆಗೆ ಗೊಬ್ಬರದ ಬುಟ್ಟಿ, ನೀರಿಳಿಯುವ ನೇಜಿಯ (ಭತ್ತದ ಸಸಿಯ) ಸೂಡಿಗಳು: ಹೆಣ್ಣಾಳಿನ ತಲೆಯ ಮೇಲಿನ ಭಾರ ಇವು. ಬಾಣಂತನದ ಸಂಪ್ರದಾಯ ಎಲ್ಲರಿಗೂ ಇತ್ತು, ವಿಶ್ರಾಂತಿ ಮಾತ್ರ ಎಲ್ಲರಿಗೂ ಇರಲಿಲ್ಲ. ಬಾಣಂತನದ ಹಿರಿಮೆಯನ್ನು ಹೊಗಳುವ ಬರಹಗಳು ಈ ಭಾಗವನ್ನು ಬಿಟ್ಟುಬಿಡುವುದು ನನಗೆ ಸರಿಕಾಣುವುದಿಲ್ಲ.

ಮೈಲಿಗೆಯ ಆಚರಣೆಯನ್ನು ಆರೋಗ್ಯದ ಹೆಸರಿನಲ್ಲಿ ಸಮರ್ಥಿಸುತ್ತಿದ್ದೀರಿ ಎಂಬ ಆಕ್ಷೇಪ ಬರಬಹುದು. ಇಲ್ಲ. ಮೈಲಿಗೆಗೆ ಆ ಶಕ್ತಿ ಇಲ್ಲ ಎಂಬುದಕ್ಕೆ ನೇಪಾಳವೇ ಸಾಕ್ಷಿ. ಅದರ ಪಶ್ಚಿಮದ ಗುಡ್ಡಗಾಡಿನ ಛೌಪಡಿ ಪದ್ಧತಿಯಲ್ಲಿ ಮುಟ್ಟಾದವಳನ್ನೂ ಹೆತ್ತವಳನ್ನೂ ಮನೆಯಿಂದ ಹೊರಗಿಡುತ್ತಿದ್ದರು. ಆದರೆ ಹೊರೆ ಹೊರುವ, ಹೊಲದಲ್ಲಿ ದುಡಿಯುವ ಕೆಲಸದಿಂದ ಬಿಡುವು ಕೊಡುತ್ತಿರಲಿಲ್ಲ. ಗರ್ಭಕೋಶ ಜಾರುವ ತೊಂದರೆ ಆ ದೇಶದಲ್ಲಿ ಎಷ್ಟು ವ್ಯಾಪಕವೆಂದರೆ 2008ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ಹೆಣ್ಣಿನ ಸಂತಾನೋತ್ಪತ್ತಿ ಹಕ್ಕಿನ ಪ್ರಶ್ನೆಯೆಂದು ಪರಿಗಣಿಸಿ ಸರ್ಕಾರಕ್ಕೆ ಆದೇಶ ಕೊಡಬೇಕಾಯಿತು. ಇತ್ತ ನಮ್ಮ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ, ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಅಮೆಯ ಮಾತಿಲ್ಲ. ಆದರೂ ಬಾಣಂತಿಯನ್ನು ಕೂರಿಸಿ ನೋಡಿಕೊಳ್ಳುವ ರೂಢಿ ಇದೆ. ಅಂದಮೇಲೆ ಅಮೆಯನ್ನು ಕೈಬಿಟ್ಟು ವಿಶ್ರಾಂತಿಯನ್ನು ಮಾತ್ರ ಉಳಿಸಿಕೊಳ್ಳಲು ಅಡ್ಡಿಯಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಮೂಲ ಕಾರಣ ಹೆರಿಗೆಯೇ. ಹೆಚ್ಚು ಹೆರಿಗೆ, ದೊಡ್ಡ ಮಗು, ಇಕ್ಕಳ ಹಾಕಿದ ಹೆರಿಗೆ, ಆಮೇಲೆ ವಯಸ್ಸು. ಹರಿದ ಸ್ನಾಯು ವಿಶ್ರಾಂತಿಯಿಂದ ಕೂಡಿಕೊಳ್ಳುತ್ತದೆಯೇ? ಕೂಡಿಕೊಳ್ಳದೆಯೂ ಇರಬಹುದು, ಒಪ್ಪುತ್ತೇನೆ. ಚೆನ್ನಾಗಿ ಬಾಣಂತನ ಮಾಡಿಸಿಕೊಂಡವರಿಗೂ ಈ ತೊಂದರೆ ಬಂದಿದೆ; ಅದು ಅವರ ತಪ್ಪಲ್ಲ, ಅವರ ತಾಯಂದಿರ ತಪ್ಪೂ ಅಲ್ಲ. ಬಾಣಂತನದೊಳಗೇ ಕೆಡುಕಿನ ಅಂಶಗಳೂ ಇವೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಬಾಣಂತಿಗೆ ಸಾಕಷ್ಟು ನೀರು ಕೊಡದಿರುವುದು, ಸೊಪ್ಪು ತರಕಾರಿ ಶೀತವೆಂದು ಬಿಡಿಸುವುದು ಮಲಬದ್ಧತೆಗೆ ದಾರಿ. ತಿಣುಕಿದಾಗಲೆಲ್ಲ ಒತ್ತಡ ಅದೇ ಜೋಲಿಯ ಮೇಲೆ. ಹೊಟ್ಟೆಗೆ ಬಟ್ಟೆ ಸುತ್ತುವುದನ್ನು ಚರಕ ಸಂಹಿತೆಯೇ ಹೇಳುತ್ತದೆ, ಮೆತ್ತಗೆ ಸುತ್ತಿದರೆ ಸೊಂಟಕ್ಕೆ ಆಸರೆಯೂ ಹೌದು. ಆದರೆ ಉಸಿರು ಕಟ್ಟುವಷ್ಟು ಬಿಗಿದರೆ ಒಳಗಿನದನ್ನು ಕೆಳಕ್ಕೆ ತಳ್ಳಿದ ಹಾಗೆ. ಹಾಸಿಗೆಯಿಂದ ಏಳದೆ ಮಲಗಿಬಿಡುವುದೂ ಒಳ್ಳೆಯದಲ್ಲ. ನಿಧಾನವಾದ ನಡಿಗೆ ಬೇಕು. ಭಾರವೊಂದು ಬೇಡ.

ಈ ತಾಲೂಕುಗಳಲ್ಲಿ ಹೆಂಗಸರ ಕೆಲಸದ ಸ್ವರೂಪವನ್ನೇ ಬದಲಿಸಿದ್ದು ಬೀಡಿ. ಮಂಗಳೂರಿನಲ್ಲಿ 1930ರ ದಶಕದಲ್ಲಿ ಬೆಳೆಯತೊಡಗಿದ ಈ ಉದ್ಯಮ ಹಳ್ಳಿಗಳ ಜಗಲಿಗೆ ಹಬ್ಬಿತು. ಕಾಲು ಚಾಚಿ ಕೂತು, ಮಡಿಲಲ್ಲಿ ಗೆರಸೆ ಇಟ್ಟು, ತಗಡಿನ ಅಳತೆಗೆ ಎಲೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ತುಂಬಿ, ಸುರುಟಿ, ನೂಲು ಸುತ್ತುವ ಕೆಲಸ. ಕೂಲಿಯ ಲೆಕ್ಕ ಸಾವಿರಕ್ಕೆ. ಸೊಪ್ಪಿನ ಹೊರೆಗೆ ಹೋಲಿಸಿದರೆ ಇದು ಹಗುರ ಎನ್ನಲೇಬೇಕು. ಆದರೆ ಹುಡಿಯಿಂದ ಬರುವ ಕೆಮ್ಮು, ಗಂಟೆಗಟ್ಟಲೆ ಅಲುಗದೆ ಕೂರುವುದರಿಂದ ಬರುವ ಮಲಬದ್ಧತೆ, ಇವೆರಡೂ ಜಾರಿದ್ದನ್ನು ಇನ್ನಷ್ಟು ಜಾರಿಸುವಂಥವು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಹೆರಿಗೆಯ ನಂತರ ಆರು ವಾರ ಕೆಲಸ ಮಾಡಿಸುವುದನ್ನು ನಿಷೇಧಿಸಿತು. 1966ರ ಬೀಡಿ ಕಾರ್ಮಿಕರ ಕಾಯ್ದೆ ಆ ಸೌಲಭ್ಯವನ್ನು ಮನೆಯಲ್ಲಿ ಬೀಡಿ ಕಟ್ಟುವವರಿಗೂ ವಿಸ್ತರಿಸಿತು. ಆರು ವಾರ ಎಂದರೆ ನಲವತ್ತೆರಡು ದಿನ. ಅಜ್ಜಿಯರ ಲೆಕ್ಕಕ್ಕೂ ಕಾನೂನಿನ ಲೆಕ್ಕಕ್ಕೂ ಎರಡೇ ದಿನದ ಅಂತರ. ಗುತ್ತಿನ ಮನೆಯವರಿಗೆ ಮಾತ್ರ ಸಿಗುತ್ತಿದ್ದ ಬಿಡುವು ಕೂಲಿಯವಳ ಹಕ್ಕೂ ಆದದ್ದು ಈ ಚರಿತ್ರೆಯ ದೊಡ್ಡ ತಿರುವು ಎಂದು ನಾನು ತಿಳಿಯುತ್ತೇನೆ. ಆದರೆ ಮನೆಯೇ ಕೆಲಸದ ಜಾಗವಾದಾಗ ರಜೆ ಕಣ್ಣಿಗೆ ಕಾಣುವುದಿಲ್ಲ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿಗೆ ಹೋಗದಿದ್ದರೂ ಗೆರಸೆ ಗೋಡೆಯ ಪಕ್ಕದಲ್ಲೇ ಇರುತ್ತದೆ, ಕೊಡವೂ ಅಲ್ಲೇ ಇರುತ್ತದೆ.

ಗರ್ಭಕೋಶ ತೆಗೆಸಿದರೆ ಮುಗಿಯಿತಲ್ಲ ಎಂದು ಹೇಳುವವರು ಈಗಲೂ ಇದ್ದಾರೆ. ದೋಷ ಇರುವುದು ಆಸರೆಯಲ್ಲಿ. ಆಸರೆ ಸರಿಮಾಡದೆ ಗರ್ಭಕೋಶ ಮಾತ್ರ ತೆಗೆದರೆ ಉಳಿದ ಭಾಗ ಮುಂದೆ ಜಾರಬಹುದು. ಆಸರೆಯನ್ನೇ ಸರಿಮಾಡುವಂತೆ ಮುಂಬಯಿಯ ಶಿರೋಡ್ಕರ್, ಪುರಂದರೆ ಮೊದಲಾದ ವೈದ್ಯರು ಗರ್ಭಕೋಶ ಉಳಿಸಿ ಮೇಲಕ್ಕೆ ಕಟ್ಟುವ ಶಸ್ತ್ರಚಿಕಿತ್ಸೆಗಳನ್ನು ರೂಪಿಸಿದರು. ಅಷ್ಟು ದೂರ ಹೋಗುವ ಮೊದಲೇ ಮಾಡಬಹುದಾದ್ದು ಬಹಳವಿದೆ. 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾದ 447 ಹೆಂಗಸರ ಮೇಲಿನ ಪರೀಕ್ಷೆ, ಫಿಸಿಯೋಥೆರಪಿಸ್ಟ್ ಕಲಿಸಿದ ಸ್ನಾಯುವಿನ ವ್ಯಾಯಾಮದಿಂದ ತೊಂದರೆ ಕಡಿಮೆಯಾಗುತ್ತದೆ ಎಂದು ತೋರಿಸಿತು. ಆ ವ್ಯಾಯಾಮ ಇಷ್ಟೇ: ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆಹಿಡಿದ ಹಾಗೆ ಕೆಳಗಿನ ಸ್ನಾಯುವನ್ನು ಒಳಕ್ಕೂ ಮೇಲಕ್ಕೂ ಎಳೆದು, ಉಸಿರಾಡುತ್ತಲೇ ಕೆಲವು ಕ್ಷಣ ಹಿಡಿದು, ಪೂರ್ತಿ ಸಡಿಲಿಸುವುದು. ದಿನಕ್ಕೆ ಮೂರು ಹೊತ್ತು, ತಿಂಗಳುಗಟ್ಟಲೆ. ಅದು ಸಾಲದಾದರೆ ಜಾರಿದ್ದಕ್ಕೆ ಆಸರೆಯಾಗಿ ಯೋನಿಯೊಳಗೆ ಇಡುವ ರಿಂಗ್ ಇದೆ. ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ, ಹಾಗಾಗಿ ಕೇಳುವುದಕ್ಕೆ ಜಾಗವಿದೆ. ಆರು ವಾರದ ತಪಾಸಣೆಗೆ ಮಗುವನ್ನು ಕರೆದುಕೊಂಡು ಹೋಗುವಾಗ ತಾಯಿ ತನ್ನ ಮೈಯನ್ನೂ ತೋರಿಸಲಿ, ಕೆಳಗೆ ಭಾರವಾಗುತ್ತದೆ ಎಂದು ಬಾಯಿಬಿಟ್ಟು ಹೇಳಲಿ. ಆ ದಿನ ಮಗುವನ್ನೂ ಚೀಲವನ್ನೂ ಜೊತೆಗೆ ಹೋದವರು ಎತ್ತಿಕೊಳ್ಳಲಿ.